ಕೋವಿ ಒದೆಯುತ್ತದೆ

ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ವೈಟ್‌ಬೋರ್ಡಿನ ಮೇಲೆ ಬರೆಯಲು ಬಲಗೈ ಎತ್ತಿದೆ. ಅದು ಅರ್ಧಕ್ಕೇ ನಿಂತಿತು. ಮಾರ್ಕರನ್ನು ಎಡಗೈಗೆ ಬದಲಿಸಿ ಕೋಳಿ ಕೆದರಿದ ಹಾಗೆ ಏನೋ ಗೀಚಿದೆ. "ಜಿಮ್ಮಾ?" ಅಂದ ಪಕ್ಕದ ಸೀಟಿನ ಹುಡುಗ. "ಅಲ್ಲ, ಕೋವಿ" ಅಂದೆ. ಅವನು ನಕ್ಕ. ನಾನು ನಗದೇ ಇದ್ದದ್ದು ನೋಡಿ ನಗು ನಿಲ್ಲಿಸಿದ. ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಇಡೀ ಫ್ಲೋರಿಗೆ ಹಬ್ಬಿತ್ತು. ಆ ವಾರ ನನ್ನ ಕೋಡ್ ರಿವ್ಯೂಗಳೆಲ್ಲ ಹಿಂದೆಂದೂ ಇಲ್ಲದ ವೇಗದಲ್ಲಿ ಪಾಸಾದವು.

ಭುಜದ ಮೇಲಿದ್ದದ್ದು ಅಂಗೈಯಗಲದ ಕಲೆ. ಮೊದಲ ದಿನ ಕೆಂಪು, ಎರಡನೇ ದಿನ ನೇರಳೆ ಹಣ್ಣಿನ ಬಣ್ಣ, ಆಮೇಲೆ ಅಂಚಿನಲ್ಲಿ ಹಳದಿ. ಅದು ಹೇಗೆ ಬಂತು ಅನ್ನುವುದು ಆಫೀಸಿನಲ್ಲಿ ಎರಡು ಮಾತಲ್ಲಿ ಮುಗಿಯುವ ಕತೆಯಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ದಾರಿಯಲ್ಲಿ, ಶರಾವತಿ ದಂಡೆಯಿಂದ ಸ್ವಲ್ಪ ಒಳಗೆ. ಮೇಲೆ ಬೆಟ್ಟ, ನಡುವೆ ಅಡಿಕೆ ತೋಟ, ಕೆಳಗೆ ಗದ್ದೆ. ಮನೆಯಲ್ಲಿ ಮೊಟ್ಟೆ ಹಾಕಿದ ಕೇಕೂ ಜಗುಲಿ ದಾಟಿ ಒಳಗೆ ಬರುವ ಹಾಗಿಲ್ಲ. ಅಂಥ ಮನೆಯಲ್ಲಿ ಒಂದು ಕೋವಿ ಇದೆ ಅಂದರೆ ಬೆಂಗಳೂರಿನ ಗೆಳತಿಯರಿಗೆ ನಂಬಿಕೆಯೇ ಬರುವುದಿಲ್ಲ. ಆದರೆ ಹೊನ್ನಾವರ, ಕುಮಟಾ, ಭಟ್ಕಳ ಕಡೆಯ ತೋಟಿಗರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಕೊಟ್ಟಿಗೆಯಲ್ಲಿ ಗುದ್ದಲಿ, ಹಾರೆ, ಮದ್ದು ಹೊಡೆಯುವ ಪಂಪು. ಒಳಕೋಣೆಯ ಕಪಾಟಿನಲ್ಲಿ ಬೀಗ ಹಾಕಿಟ್ಟ ಒಂಟಿನಳಿಗೆಯ ತೋಟೆ ಕೋವಿ. ಬೆಳೆ ರಕ್ಷಣೆಗೆ ಅಂತ ಪರವಾನಗಿ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ನಮ್ಮನೆಗೆ ಕೋವಿ ಬಂದದ್ದೂ ಆ ಕಾಲದಲ್ಲೇ. ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ.

ಬೆಳೆ ರಕ್ಷಣೆಯ ಕೋವಿ ಬೇಟೆಯ ಕೋವಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಕಾಡುಹಂದಿ ರಾತ್ರೋರಾತ್ರಿ ಗದ್ದೆ ಉತ್ತು ಹೋದರೂ ಲಿಖಿತ ಅನುಮತಿ ಇಲ್ಲದೆ ಅದಕ್ಕೆ ಗುಂಡು ಹೊಡೆಯುವಂತಿಲ್ಲ. ನಮ್ಮ ತೋಟಕ್ಕೆ ಬರುವ, ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುವ ಸಾದಾ ಮಂಗ ಇದೆಯಲ್ಲ, ಅದು 2022ರ ತಿದ್ದುಪಡಿಯ ನಂತರ ಹುಲಿ, ಆನೆಗಳ ಜೊತೆ ಮೊದಲನೇ ಅನುಸೂಚಿಯಲ್ಲಿ ಕೂತಿದೆ. ಅದು ಗೊತ್ತಿಲ್ಲದ ಮಂಗ ಎಳನೀರಿನ ಬುರುಡೆ ಕೆಡವುತ್ತದೆ, ಎಳೆ ಅಡಿಕೆ ಕಚ್ಚಿ ಉಗಿಯುತ್ತದೆ, ಬಾಳೆಗೊನೆಯನ್ನು ನಾವು ಕಡಿಯುವ ಹಿಂದಿನ ದಿನವೇ ಕಡಿಯುತ್ತದೆ. ಅದನ್ನು ಹೆದರಿಸಲು ಊರವರು ಮಾಡದ ಉಪಾಯವಿಲ್ಲ. ಪಟಾಕಿ, ಹುಲಿ ಬೊಂಬೆ, ಪೈಪಿಗೆ ಕಾರ್ಬೈಡ್ ಹಾಕಿ ಹಾರಿಸುವುದು. ಮಲೆನಾಡಿನ ರೈತರೊಬ್ಬರು ನಾಯಿಯ ಮೈಮೇಲೆ ಹುಲಿಪಟ್ಟೆ ಬಳಿದದ್ದು 2019ರಲ್ಲಿ ಸುದ್ದಿಯೂ ಆಗಿತ್ತು. ಕೊನೆಗೆ ಉಳಿಯುವುದು ಕೋವಿ. ಅದೂ ಶಬ್ದಕ್ಕೆ ಮಾತ್ರ. ಆಕಾಶಕ್ಕೆ ಒಂದು ಈಡು ಹೊಡೆದರೆ ಮಂಗಗಳು ಎರಡು ದಿನ ಪಕ್ಕದವರ ತೋಟಕ್ಕೆ ಹೋಗುತ್ತವೆ. ಅವರು ಹೊಡೆದರೆ ನಮ್ಮಲ್ಲಿಗೆ ಬರುತ್ತವೆ.

ಚುನಾವಣೆ ಬಂದಾಗಲೆಲ್ಲ ಈ ಕೋವಿಗಳು ಪೊಲೀಸ್ ಠಾಣೆಗೆ ಹೋಗಿ ಠೇವಣಿಯಾಗಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಎರಡು ವರ್ಷವೂ ಸರಿಯಾಗಿ ಬೇಸಿಗೆಯಲ್ಲಿ. ಅಪ್ಪ ಬಟ್ಟೆ ಸುತ್ತಿದ ಕೋವಿಯನ್ನು ರಿಕ್ಷಾದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋಗುವುದು, ರಶೀದಿ ತರುವುದು, ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ತರುವುದು. 2024ರ ಜೂನಿನಲ್ಲಿ ತರಲು ಹೋದಾಗ ಅಪ್ಪನಿಗೆ ಅದನ್ನು ಕೌಂಟರಿನಿಂದ ಎತ್ತಿಕೊಳ್ಳಲು ಆಗಲಿಲ್ಲ. ಬಲ ಭುಜ ಹಿಡಿದುಕೊಂಡಿತ್ತು. ಕುಮಟಾದ ಡಾಕ್ಟರು ಆರು ತಿಂಗಳು ಭಾರ ಎತ್ತಬೇಡಿ ಅಂದರು. ಅಪ್ಪನಿಗೆ ಎಪ್ಪತ್ತೆರಡು.

ಭಟ್ಕಳದ ಬಾವ ಫೋನ್ ಮಾಡಿ, "ನಾವು ಯಾವಾಗಲೋ ಸರೆಂಡರ್ ಮಾಡಿ ಸೋಲಾರ್ ಬೇಲಿ ಹಾಕಿದ್ದು. ನೀವೂ ಕೊಟ್ಟುಬಿಡಿ" ಅಂದ. ಸೋಲಾರ್ ಬೇಲಿ ಹಂದಿಗೆ ಸರಿ. ಮರದಿಂದ ಮರಕ್ಕೆ ಬರುವ ಮಂಗ ಬೇಲಿ ಯಾಕೆ ಮುಟ್ಟುತ್ತದೆ? ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಒಂದೋ ಕೋವಿ ಕೊಡಬೇಕು, ಇಲ್ಲ ನನ್ನ ಹೆಸರಿಗೆ ಮಾಡಿಸಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ ಎಪ್ಪತ್ತು ತುಂಬಿದ್ದರೆ ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡಿದ್ದರೆ ವಾರಸುದಾರರು ಅರ್ಜಿ ಹಾಕಬಹುದು. ವಾರಸುದಾರಳು ಅನ್ನುವುದಕ್ಕೂ ಅಡ್ಡಿಯಿಲ್ಲ. ಆದರೆ ಕೋವಿಯನ್ನು ಸುರಕ್ಷಿತವಾಗಿ ಹಿಡಿಯುವ ತರಬೇತಿಯ ಪ್ರಮಾಣಪತ್ರ ಬೇಕು.

"ನಾನು ಕಲೀತೆ" ಅಂದೆ.

ಆಯಿ ಒಳಗಿಂದ, "ಮೊದ್ಲು ಗ್ಯಾಸ್ ಸಿಲಿಂಡರ್ ಬದಲಿಸುದು ಕಲಿ" ಅಂದಳು.

(ನಮ್ಮನೆ ಮಾತನ್ನು ನಿಮಗೆ ಅರ್ಥವಾಗಲಿ ಅಂತ ತಿದ್ದಿ ಬರೆಯುತ್ತಿದ್ದೇನೆ. ಅಪ್ಪ ಇದನ್ನು ಓದಿದರೆ ಬೈಯುವುದು ಇದೊಂದಕ್ಕೇ.)

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು. ನಾನಾಗ ಒಂದನೇ ಕ್ಲಾಸು. ಬೆಳಿಗ್ಗೆ ಹಾಲು ಕರೆಯುವ ಹೊತ್ತು. ತೋಟದಲ್ಲಿ ಮಂಗಗಳು ಬಂದಿದ್ದವು, ಹದಿನೈದಿಪ್ಪತ್ತು. ಅಪ್ಪ ಕೋವಿ ತೆಗೆದುಕೊಂಡು ಹೋದರು. ಯಾವತ್ತಿನ ಹಾಗೆ ತೆಂಗಿನ ಮರದ ತಲೆಗಿಂತ ಮೇಲೆ, ಆಕಾಶಕ್ಕೆ ಗುರಿ. ಈಡಾಯಿತು. ಮಂಗಗಳೆಲ್ಲ ಬೆಟ್ಟದ ಕಡೆ ಹಾರಿದವು. ಒಂದು ಹಾರಲಿಲ್ಲ. ಕೆಳಗೆ ಬಿತ್ತು. ಹೊಟ್ಟೆಗೆ ಅವಚಿಕೊಂಡ ಮರಿ ಇತ್ತು. ಮರಿಗೆ ಏನೂ ಆಗಿರಲಿಲ್ಲ.

ನಾನು ನೋಡಿದ್ದು ಅಷ್ಟೆ. ಆಯಿ ಬಂದು ನನ್ನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಒಳಗೆ ಕರಕೊಂಡು ಹೋದಳು. ಅಪ್ಪ ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಬಿಳಿ ಪಂಚೆ ಸುತ್ತಿ ಹುಗಿದರಂತೆ. ಮರಿಯನ್ನು ಎರಡು ದಿನ ಬುಟ್ಟಿಯಲ್ಲಿಟ್ಟು ಹತ್ತಿಯ ಬತ್ತಿಯಲ್ಲಿ ಹಾಲು ಕುಡಿಸಿದರು. ಮೂರನೇ ದಿನ ಬುಟ್ಟಿ ಖಾಲಿ ಇತ್ತು. ಮರಿ ಎಲ್ಲಿ ಅಂತ ಕೇಳಿದರೆ "ಅದರ ಬಳಗ ಕರಕೊಂಡು ಹೋತು" ಅಂದರು. ನಾನು ಬಹಳ ವರ್ಷ ಅದನ್ನು ನಂಬಿದ್ದೆ. ಅಪ್ಪ ಅದಾದ ಮೇಲೆ ಇಡಗುಂಜಿಗೆ ಹೋದರು, ಗೋಕರ್ಣಕ್ಕೆ ಹೋದರು, ಮನೆಯಲ್ಲಿ ಏನೇನೋ ಶಾಂತಿ ಮಾಡಿಸಿದರು. ಮಂಗ ಅಂದರೆ ನಮ್ಮಲ್ಲಿ ಹನುಮಂತನೇ. ಕೇಳಿದವರಿಗೆಲ್ಲ ಅಪ್ಪ ಹೇಳಿದ್ದು ಒಂದೇ ಮಾತು: "ಕೋವಿ ಒದ್ದುಬಿಡ್ತು. ಗುರಿ ತಪ್ಪಿಹೋತು."

ಅವತ್ತಿನಿಂದ ಅಪ್ಪ ಮರದ ಕಡೆ ನಳಿಗೆ ತಿರುಗಿಸಿಲ್ಲ. ತೋಟಕ್ಕೆ ಬೆನ್ನು ಹಾಕಿ, ಖಾಲಿ ಗದ್ದೆಯ ಕಡೆ ನಿಂತು ಹೊಡೆಯುತ್ತಾರೆ. "ಮಂಗ ತೋಟದಲ್ಲಿ, ಈಡು ಗದ್ದೆಯಲ್ಲಿ" ಅಂತ ಆಯಿ ನಗೆಯಾಡುತ್ತಾಳೆ. ಅಪ್ಪ ನಗುವುದಿಲ್ಲ.

ಸರಿ, ತರಬೇತಿಯ ಕತೆ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಟ್ಟೆ. ಎರಡು ವಾರ ವರ್ಕ್ ಫ್ರಂ ಹೋಮ್ ಅಂತ ಹೇಳಿ ಕಾರವಾರದ ದೊಡ್ಡಮ್ಮನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಬಂದೂಕು, ಹತ್ತು ಗಂಟೆಯಿಂದ ಲ್ಯಾಪ್‌ಟಾಪು. ಕಲಿಯಲು ಬಂದವರಲ್ಲಿ ತೋಟದವರಿದ್ದರು, ಸೆಕ್ಯುರಿಟಿ ಕೆಲಸ ಹುಡುಕುವ ಹುಡುಗರಿದ್ದರು, ಕಾಲೇಜಿನ ಇಬ್ಬರು ಹುಡುಗಿಯರಿದ್ದರು. ಕಲಿಸುವ ಹವಾಲ್ದಾರರು ಧಾರವಾಡ ಕಡೆಯವರು.

ಮೊದಲು ಪಾಯಿಂಟ್ ಟೂಟೂ ರೈಫಲ್. ಅದು ಒದೆಯುವುದೇ ಇಲ್ಲ; ಯಾರೋ ಭುಜ ತಟ್ಟಿ ಕರೆದ ಹಾಗೆ, ಅಷ್ಟೆ. ಕಾಗದದ ಮೇಲಿನ ನನ್ನ ತೂತುಗಳೆಲ್ಲ ಒಂದು ಇಡ್ಲಿಯ ಅಗಲದಲ್ಲಿ ಬಿದ್ದವು. ನನಗೆ ನಾನೇ ಅಭಿನವ್ ಬಿಂದ್ರಾ ಅನ್ನಿಸಿಕೊಂಡೆ. ಆಮೇಲೆ ತ್ರೀನಾಟ್‌ತ್ರೀ ಬಂತು. ಮೊದಲ ಗುಂಡಿಗೆ ಏನಾಯಿತು ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಕಿವಿಯೊಳಗೆ ಬಾಗಿಲು ಬಡಿದ ಹಾಗೆ ಆಯಿತು, ಭುಜಕ್ಕೆ ಎಮ್ಮೆ ಹಾಯ್ದ ಹಾಗೆ ಆಯಿತು, ಕಣ್ಣು ತೆರೆದಾಗ ನಳಿಗೆ ಆಕಾಶ ನೋಡುತ್ತಿತ್ತು. ತಪ್ಪು ನನ್ನದೇ. ನೋವಾಗದಿರಲಿ ಅಂತ ಬುಡವನ್ನು ಭುಜದಿಂದ ಒಂದು ಬೆರಳಿನಷ್ಟು ದೂರ ಹಿಡಿದಿದ್ದೆ.

ಎಲ್ಲರೂ ಮಾಡುವ ತಪ್ಪು ಇದೇ ಅಂತೆ. ಒದೆಯುವ ಪ್ರಾಣಿಯಿಂದ ದೂರ ನಿಲ್ಲುವುದು ಬುದ್ಧಿವಂತಿಕೆ ಅಲ್ಲವಾ? ಎಮ್ಮೆಯ ವಿಷಯದಲ್ಲಿ ಹೌದು, ಕೋವಿಯ ವಿಷಯದಲ್ಲಿ ತದ್ವಿರುದ್ಧ. ಹೈಸ್ಕೂಲಿನ ನ್ಯೂಟನ್ನನ ಮೂರನೇ ನಿಯಮವನ್ನು ರಾತ್ರಿ ದೊಡ್ಡಮ್ಮನ ಮನೆಯ ಮಾಳಿಗೆಯಲ್ಲಿ ಕೂತು ಮನೆಯ ಕೋವಿಗೆ ಹಚ್ಚಿ ನೋಡಿದೆ. ಅದು ಹನ್ನೆರಡು ಬೋರು. ಅಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಒಂದು ಉಂಡೆ ಹಿಡಿಯುವಷ್ಟು ಅಗಲದ ನಳಿಗೆ. ಒಂದು ತೋಟೆಯಲ್ಲಿ ಸುಮಾರು 32 ಗ್ರಾಂ ಚರೆ. ಅದು ಸೆಕೆಂಡಿಗೆ 400 ಮೀಟರ್ ಹತ್ತಿರದ ವೇಗದಲ್ಲಿ ಹೊರಗೆ ಹೋಗುತ್ತದೆ. ಕೋವಿಯ ತೂಕ ಮೂರು ಕೆಜಿ ಅಂತಿಟ್ಟುಕೊಂಡರೆ ಅದು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಜಾಸ್ತಿ ವೇಗದಲ್ಲಿ ಹಿಂದಕ್ಕೆ ಬರಬೇಕು. ಗಂಟೆಗೆ ಹದಿನೈದು ಕಿಲೋಮೀಟರ್. ಮೂರು ಕೆಜಿಯ ಮರ, ಕಬ್ಬಿಣ ಆ ವೇಗದಲ್ಲಿ ಬಂದು ಕಾಲರ್ ಎಲುಬಿಗೆ ಬಡಿದರೆ? ಆದರೆ ಬುಡವನ್ನು ಮೊದಲೇ ಭುಜಕ್ಕೆ ಒತ್ತಿ ಹಿಡಿದಿದ್ದರೆ ಹಿಂದಕ್ಕೆ ಹೋಗಬೇಕಾದದ್ದು ಬರೀ ಮೂರು ಕೆಜಿ ಅಲ್ಲ, ಜೊತೆಗೆ ನಾನೂ. ಅದು ಹೊಡೆತವಾಗುವುದಿಲ್ಲ, ನೂಕು ಆಗುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವನಿಗೂ ಹಿಡಿದು ನಿಂತವನಿಗೂ ಇರುವ ವ್ಯತ್ಯಾಸ.

ನಿಲ್ಲುವುದರಲ್ಲೂ ನನ್ನದು ಉಲ್ಟಾ ಇತ್ತು. ಭಾರದ ವಸ್ತು ಮುಂದೆ ಚಾಚಿದಾಗ ಹೆಂಗಸರು, ಸಣ್ಣ ಮೈಯವರು ಸೊಂಟ ಮುಂದೆ ಹಾಕಿ ಬೆನ್ನು ಹಿಂದಕ್ಕೆ ಬಾಗುತ್ತಾರೆ, ಮಗುವನ್ನು ಎತ್ತಿಕೊಂಡ ಹಾಗೆ. ಹಾಗೆ ನಿಂತವರನ್ನು ಕೋವಿ ಸಲೀಸಾಗಿ ಎರಡು ಹೆಜ್ಜೆ ಹಿಂದೆ ಕಳಿಸುತ್ತದೆ. ಎಡಗಾಲು ಮುಂದೆ, ಮೊಣಕಾಲು ಸ್ವಲ್ಪ ಸಡಿಲ, ಮೈಭಾರ ಮುಂಗಾಲಿನ ಮೇಲೆ. ಬುಡ ಕೂರಬೇಕಾದ್ದು ಭುಜದ ಮೇಲೂ ಅಲ್ಲ, ತೋಳಿನ ಮೇಲೂ ಅಲ್ಲ, ಕಾಲರ್ ಎಲುಬಿನ ಕೆಳಗೆ ಕೈ ಮುಂದೆ ಚಾಚಿದಾಗ ಆಗುವ ಗುಳಿಯಲ್ಲಿ. ಕೆನ್ನೆ ಮರಕ್ಕೆ ಅಂಟಿರಬೇಕು. ತಲೆಯೂ ಕೋವಿಯೂ ಒಟ್ಟಿಗೆ ಹಿಂದೆ ಹೋದರೆ ಕೆನ್ನೆಗೆ ಏನೂ ಆಗುವುದಿಲ್ಲ. ನಡುವೆ ಸಂದು ಬಿಟ್ಟರೆ ಕಪಾಳಕ್ಕೆ ಬೀಳುತ್ತದೆ. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಕೋವಿಗಳ ಬುಡದ ಉದ್ದ ಗಂಡಸರ ತೋಳಿಗೆ ಹೊಂದುವ ಹಾಗೆ ಮಾಡಿದ್ದು. ಐದಡಿ ಒಂದಿಂಚಿನ ನನ್ನಂಥವಳು ಹಿಡಿದರೆ ಅದು ಗುಳಿ ಬಿಟ್ಟು ತೋಳಿಗೆ ಜಾರುತ್ತದೆ. ನನ್ನ ಮೊದಲ ನಾಲ್ಕು ಗುಂಡು ತೋಳಿನ ಮಾಂಸದ ಮೇಲೇ ಕೂತಿದ್ದವು. ಆಫೀಸಿನಲ್ಲಿ ನೋಡಿದ ಕಲೆ ಅದೇ.

ಕಿವಿಗೆ ಮುಚ್ಚು ಹಾಕಿಕೊಂಡ ಮೇಲೆ ಅರ್ಧ ಒದೆ ಕಡಿಮೆಯಾದ ಹಾಗೆ ಅನ್ನಿಸಿತು. ನಿಜವಾಗಿ ಒದೆ ಅಷ್ಟೇ ಇತ್ತು. ನಾನು ಹೆದರುತ್ತಿದ್ದದ್ದರಲ್ಲಿ ಅರ್ಧ ಶಬ್ದಕ್ಕೆ. ಆಗ ಅಪ್ಪನ ನೆನಪಾಯಿತು. ಅಪ್ಪನಿಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಫೋನು ಯಾವಾಗಲೂ ಬಲಗಿವಿಗೆ. ಬಲಭುಜಕ್ಕೆ ಕೋವಿ ಇಟ್ಟು ಹೊಡೆಯುವವರ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ, ಬಲಗಿವಿ ತಲೆಯ ನೆರಳಿನಲ್ಲಿ. ಮೊದಲು ಹೋಗುವುದು ಎಡಗಿವಿಯೇ. ನಮ್ಮೂರಲ್ಲಿ ಕಿವಿ ಮುಚ್ಚಿಕೊಂಡು ಈಡು ಹೊಡೆದವರನ್ನು ನಾನು ನೋಡಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಗುಂಡುಗಳು ಕಾಗದದ ಕೆಳಗೇ ಬೀಳುತ್ತಿದ್ದವು. ಗುರಿ ನಡುವಿಗೆ, ತೂತು ಕೆಳಗೆ. ಕೆಲವು ಕಾಗದವನ್ನೇ ಬಿಟ್ಟು ಮಣ್ಣಿಗೆ. "ಒದೆತಕ್ಕೆ ನಳಿಗೆ ಅಲ್ಲಾಡ್ತಿದೆ ಸರ್" ಅಂದೆ. ಹವಾಲ್ದಾರರು ಏನೂ ಮಾತಾಡದೆ ರೈಫಲ್ ತೆಗೆದುಕೊಂಡು ಆ ಕಡೆ ತಿರುಗಿದರು. ಬೋಲ್ಟ್ ಎಳೆದ ಶಬ್ದ, ಹಾಕಿದ ಶಬ್ದ. ನನ್ನ ಕೈಗೆ ಕೊಟ್ಟು "ಹೊಡೀರಿ" ಅಂದರು.

ಗುರಿ ಹಿಡಿದೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿದೆ. ಟ್ರಿಗರ್ ಒತ್ತಿದೆ.

ಟಕ್.

ಒಳಗೆ ಗುಂಡೇ ಇರಲಿಲ್ಲ. ಆದರೆ ನಳಿಗೆ ಎರಡು ಬೆರಳಷ್ಟು ಕೆಳಗೆ ಹೋಯಿತು. ಕಣ್ಣು ಮುಚ್ಚಿಹೋಯಿತು. ಭುಜ ಮುಂದೆ ನುಗ್ಗಿತು. ಒದೆಯುವುದಕ್ಕೆ ಏನೂ ಇಲ್ಲದ ಖಾಲಿ ರೈಫಲ್ಲಿನ ಜೊತೆ ನಾನೊಬ್ಬಳೇ ಗುದ್ದಾಡಿದ್ದೆ. ಹಿಂದೆ ನಿಂತ ಕಾಲೇಜು ಹುಡುಗಿಯರು ಕಿಸಕ್ಕೆಂದರು.

"ನೋಡ್ರಿ ಮೇಡಂ," ಅಂದರು ಹವಾಲ್ದಾರರು. "ಬಂದೂಕು ನಿಮ್ಮನ್ನ ಒದಿಯೂಕಿಂತ ಮೊದ್ಲ ನೀವ ಬೆಚ್ಚಾಕ ಹತ್ತೀರಿ. ಒದಿಯೂದು ಆಮ್ಯಾಲೆ. ಗುಂಡು ಹೋಗಿ ಮುಟ್ಟಿರತೈತಿ."

ಅದು ಹೀಗೆ. ನಳಿಗೆಯ ಬುಡದಿಂದ ಬಾಯಿಯವರೆಗೆ ಚರೆ ಹೋಗಲು ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ ಮೂರ್ನಾಲ್ಕು ಭಾಗ. ಅಷ್ಟರೊಳಗೆ ಕೋವಿ ಹಿಂದೆ ಸರಿಯುವುದು ಒಂದು ಸೆಂಟಿಮೀಟರಿನ ಆಸುಪಾಸು. ನಮಗೆ ಒದೆ ಅಂತ ಗೊತ್ತಾಗುವ ಹೊತ್ತಿಗೆ ಚರೆ ನಳಿಗೆ ಬಿಟ್ಟು ಹೋಗಿಯಾಗಿರುತ್ತದೆ. ಇನ್ನು ಒದೆತದಿಂದ ನಳಿಗೆ ಹೋಗುವುದು ಮೇಲಕ್ಕೆ. ಬುಡ ಭುಜದ ಮೇಲೆ, ನಳಿಗೆ ಅದಕ್ಕಿಂತ ಎತ್ತರದಲ್ಲಿ ಇರುವುದರಿಂದ ಮೂತಿ ಎದ್ದೇ ಏಳುತ್ತದೆ. ಗುರಿಗಿಂತ ಕೆಳಗೆ ಬಿದ್ದ ಈಡಿಗೆ ಒದೆ ಕಾರಣವಾಗುವುದು ಕಷ್ಟ. ಕಾರಣ ಒದೆಗಿಂತ ಮೊದಲಿನದು.

ಇದನ್ನು ಅವರು ಹೇಳುತ್ತಿದ್ದ ಹಾಗೆ ನನಗೆ ಬೆನ್ನಿನಲ್ಲಿ ತಣ್ಣಗಾಯಿತು. ತೆಂಗಿನ ಮರ, ಅದರ ತಲೆಯ ಮೇಲಿನ ಆಕಾಶ, ಅದಕ್ಕೆ ಹಿಡಿದ ಗುರಿ. ಕೆಳಗೆ ಹೆಡೆಯ ಮೇಲೆ ಕೂತ ಮಂಗ.

ಉಳಿದ ದಿನಗಳಲ್ಲಿ ಹವಾಲ್ದಾರರು ಇದೇ ಆಟ ಆಡಿಸಿದರು. ಐದು ಸಲ ಕೊಟ್ಟರೆ ಎರಡು ಖಾಲಿ, ಯಾವುದು ಅಂತ ಗೊತ್ತಿಲ್ಲ. ಖಾಲಿ ಬಂದಾಗ ನಳಿಗೆ ಅಲ್ಲಾಡದಿದ್ದರೆ ಪಾಸು. ಬೆಚ್ಚುವುದು ಬುದ್ಧಿ ಹೇಳಿದರೆ ಬಿಡುವ ಚಟವಲ್ಲ. ಮೈ ಒಂದು ಸಲ ಹೊಡೆಸಿಕೊಂಡರೆ ಎರಡನೇ ಸಲಕ್ಕೆ ತಾನೇ ತಯಾರಾಗುತ್ತದೆ. ಇರುವ ಉಪಾಯ ಎರಡೇ. ಒಂದು, ಟ್ರಿಗರನ್ನು ಜಗ್ಗದೆ, ಈಡು ಯಾವಾಗ ಆಯಿತು ಅಂತ ನಮಗೇ ಗೊತ್ತಾಗದಷ್ಟು ನಿಧಾನ ಒತ್ತುವುದು. ಎರಡು, ಖಾಲಿ ಕೋವಿಯಲ್ಲಿ ನೂರಾರು ಸಲ ಅಭ್ಯಾಸ ಮಾಡಿ ಮೈಗೆ "ಏನೂ ಆಗುವುದಿಲ್ಲ" ಅಂತ ಮರೆಸುವುದು. ನಳಿಗೆಯ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು ಟ್ರಿಗರ್ ಒತ್ತಬೇಕು, ನಾಣ್ಯ ಬೀಳಬಾರದು. ಕೊನೆಯ ದಿನ ನನ್ನ ಐದರಲ್ಲಿ ಮೂರು ತೂತು ನಡುವಿಗೆ ಹತ್ತಿರ ಇದ್ದವು. ಪ್ರಮಾಣಪತ್ರ ಸಿಕ್ಕಿತು.

ಭಾನುವಾರ ಮನೆಗೆ ಬಂದರೆ ಕೆಳಗಿನ ಕೇರಿಯ ಗೌಡಜ್ಜ ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದ. ಅವನಿಗೆ ಎಂಬತ್ತು ದಾಟಿದೆ. ಕಾಯ್ದೆ ಬರುವ ಮುಂಚಿನ ಕಾಲದಲ್ಲಿ ಈ ಬೆಟ್ಟಗಳಲ್ಲಿ ಶಿಕಾರಿ ಮಾಡಿದವನು. ಕೇಪಿನ ಕೋವಿ; ಬಾಯಿಂದ ಮದ್ದು ಹಾಕಿ, ನಾರು ತುರುಕಿ, ಗಜದಿಂದ ಜಡಿದು, ಗಜ ನಳಿಗೆಯ ಹೊರಗೆ ಎಷ್ಟು ಬೆರಳು ಉಳಿಯಿತು ಅಂತ ಅಳೆದು ಈಡು ಮಾಡುವುದು. ಹಂದಿಗೆ ಅಂತ ಆಸೆಗೆ ಒಂದು ಬೆರಳು ಜಾಸ್ತಿ ಮಾಡಿಕೊಂಡು ಕಾಲರ್ ಎಲುಬು ಮುರಿದುಕೊಂಡವರ ಕತೆ ಅವನ ಹತ್ತಿರ ಬೇಕಾದಷ್ಟು ಇವೆ.

"ತ್ರೀನಾಟ್‌ತ್ರೀ ಒದೀತಾ ತಂಗಿ?" ಅಂದ.

"ಒದ್ದಿತು ಅಜ್ಜ, ಕೈ ಎತ್ತುಕಾಗೂದಿಲ್ಲ."

"ನಿಮ್ಮನೆ ಕೋವಿ ಅದ್ಕಿಂತ ಒದೀತದೆ. ಹಗುರ ಕೋವಿ. ಹಗುರ ಇದ್ದಷ್ಟೂ ಒದೆ ಜೋರು." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಹಂದಿ ಎದ್ರಿಗೆ ಬಂದಾಗ ಒದ್ದದ್ದು ಗೊತ್ತೇ ಆಗೂದಿಲ್ಲ. ಮನೆಗೆ ಬಂದು ಅಂಗಿ ತೆಗ್ದಾಗ ಕಾಣೂದು" ಅಂದ.

ಇದು ನಿಜ ಅಂತ ಬೇಟೆ ಬಲ್ಲವರೆಲ್ಲ ಹೇಳುತ್ತಾರೆ. ಪ್ರಾಣಿಯ ಮೇಲೆ ಕಣ್ಣಿದ್ದಾಗ ಮೈ ಒದೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಕುತೂಹಲವಾದದ್ದು ಬೇರೆ. ಪ್ರಾಣಿಯನ್ನು ಹೊಡೆಯಬೇಕು ಅಂತ ಹೊರಟವನಿಗೆ ಒದೆಯ ಭಯ ಇಲ್ಲ. ಯಾವುದಕ್ಕೂ ತಾಗದಿರಲಿ ಅಂತ ಆಕಾಶಕ್ಕೆ ಹೊಡೆಯುವವನ ಕಣ್ಣಿಗೆ ಹಿಡಿದು ನಿಲ್ಲಲು ಗುರಿಯೇ ಇಲ್ಲ, ಅವನ ಮನಸ್ಸೆಲ್ಲ ಭುಜದಲ್ಲೇ ಇರುತ್ತದೆ.

ಗೌಡಜ್ಜ ಎದ್ದು ಹೋದ ಮೇಲೆ ಅಪ್ಪ ತರಬೇತಿಯ ಬಗ್ಗೆ ಕೇಳಿದರು. ನಾನು ಉತ್ಸಾಹದಲ್ಲಿದ್ದೆ. ಹವಾಲ್ದಾರರನ್ನು ಅನುಕರಣೆ ಮಾಡಿ, ಖಾಲಿ ರೈಫಲ್ಲಿನ ಕತೆಯನ್ನು ನಿಂತು ಅಭಿನಯಿಸಿ ತೋರಿಸಿದೆ. ಆಯಿ ಬಿದ್ದು ಬಿದ್ದು ನಕ್ಕಳು. ಅಪ್ಪ ಮಾತ್ರ ಕೇಳಿದರು:

"ಬೆಚ್ಚಿದ್ರೆ ನಳಿಗೆ ಮೇಲೆ ಹೋಗ್ತದೋ, ಕೆಳಗೋ?"

ನಾನು ಮಾತಿನ ಭರದಲ್ಲಿ "ಕೆಳಗೆ" ಅಂದೆ. ಅಂದ ಮೇಲೆ ಬಾಯಿ ನಿಂತಿತು.

"ಒದ್ದಾಗ?"

"...ಮೇಲೆ."

ಅಪ್ಪ "ಹೌದಾ" ಅಂದರು. ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದರು. ಹುಲ್ಲು ಹಾಕುವ ಹೊತ್ತಾಗಿರಲಿಲ್ಲ. ಆಯಿ ನನ್ನನ್ನೇ ನೋಡಿದಳು. ಅವಳಿಗೂ ಅರ್ಥವಾಗಿತ್ತು. ಆ ರಾತ್ರಿ ಬಸ್ಸು ಹತ್ತಿಸಲು ಅಪ್ಪ ಹೊನ್ನಾವರದವರೆಗೂ ಬಂದರು. ಬಸ್ಸು ಬರುವವರೆಗೆ ಮಳೆ, ಅಡಿಕೆ ರೇಟು, ಹೆದ್ದಾರಿಯ ಹೊಂಡ ಎಲ್ಲ ಮಾತಾಡಿದೆವು. ಹಾಗೆ ಹೇಳಬಾರದಿತ್ತು ಅಂತ ಅನ್ನಿಸಿ ಬೆಳತನಕ ನಿದ್ದೆ ಬರಲಿಲ್ಲ. ಸುಳ್ಳು ಹೇಳಬೇಕಿತ್ತಾ ಅಂತ ಕೇಳಿಕೊಂಡರೆ ಅದೂ ಸರಿ ಅನ್ನಿಸಲಿಲ್ಲ. ಮೂವತ್ತು ವರ್ಷ ಅಪ್ಪ ತಪ್ಪನ್ನು ಕೋವಿಯ ಮೇಲೆ ಹಾಕಿ ಹೇಗೋ ಹಗುರ ಮಾಡಿಕೊಂಡಿದ್ದರು; ನಾನು ಅದನ್ನು ನ್ಯೂಟನ್ನನ ಸಮೇತ ವ್ಯವಸ್ಥಿತವಾಗಿ ಕಿತ್ತುಕೊಂಡಿದ್ದೆ.

ಬೆಂಗಳೂರಿನಲ್ಲಿ ಅಭ್ಯಾಸ ಬಿಡಲಿಲ್ಲ. ಪರವಾನಗಿ ನನ್ನ ಹೆಸರಿಗೆ ಬರುವವರೆಗೆ ಮನೆಯ ಕೋವಿ ಮುಟ್ಟಕೂಡದು ಅಂತ ಅಪ್ಪನ ಕಟ್ಟಪ್ಪಣೆ, ಕಾನೂನೂ ಅದೇ. ಹಾಗಾಗಿ ಕೊಡೆ. ಉದ್ದ ಕೋಲಿನ, ಕರೀ ಬಟ್ಟೆಯ ಕೊಡೆಯನ್ನು ಕನ್ನಡಿಯ ಮುಂದೆ ನಿಂತು ಸೊಂಟದಿಂದ ಭುಜಕ್ಕೆ ಎತ್ತುವುದು, ಕೆನ್ನೆ ತಾಗಿಸುವುದು, ಇಳಿಸುವುದು. ದಿನಕ್ಕೆ ಐವತ್ತು ಸಲ. ರೂಂಮೇಟ್ ಮೊದಲ ವಾರ ವಿಡಿಯೋ ಮಾಡಿದಳು, ಎರಡನೇ ವಾರದಿಂದ ಎಣಿಸಲು ಶುರುಮಾಡಿದಳು.

ದೀಪಾವಳಿಗೆ ಊರಿಗೆ ಹೋದೆ. ಗೋಪೂಜೆ ಮುಗಿದು ಮಾರನೇ ದಿನ ಮಧ್ಯಾಹ್ನ. ಆಯಿ ಮಲಗಿದ್ದಳು. ಅಪ್ಪ ಕಪಾಟಿನ ಬೀಗ ತೆಗೆದ ಶಬ್ದ ಕೇಳಿತು. ಕೋವಿ ತಂದು ಜಗುಲಿಯಲ್ಲಿ ಕೂತು ಮಡಚಿದರು. ನಳಿಗೆಯನ್ನು ಬೆಳಕಿಗೆ ಹಿಡಿದು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು, ನನಗೂ ತೋರಿಸಿದರು. ಖಾಲಿ. ಹಿಂದೆ ಯಾವತ್ತೋ ಹೊಡೆದ ತೋಟೆಯ ಖಾಲಿ ಚಿಪ್ಪೊಂದನ್ನು ಒಳಗೆ ಹಾಕಿದರು. ಕುದುರೆ ಬರೀ ಗಾಳಿಗೆ ಹೊಡೆದರೆ ಒಳಗಿನ ಮೊಳೆ ಹಾಳಾಗುತ್ತದೆ. ಮೊಣಕೈಯನ್ನು ಜಗುಲಿಯ ಕಟ್ಟೆಗೆ ಊರಿ, ನೋಯುವ ಭುಜಕ್ಕೆ ಟವೆಲ್ ಮಡಚಿ ಇಟ್ಟು, ಅದರ ಮೇಲೆ ಬುಡ ಒತ್ತಿದರು. ನಳಿಗೆ ಅಂಗಳ ದಾಟಿ ಖಾಲಿ ಗದ್ದೆಯ ಕಡೆ ಇತ್ತು.

"ರೂಪಾಯಿ ಇಡು ಕೂಸೇ" ಅಂದರು.

ನಾಣ್ಯ ಇಟ್ಟೆ. ಅಪ್ಪ ಕುದುರೆ ಎಳೆದರು. ಬಹಳ ಹೊತ್ತು ಗುರಿ ಹಿಡಿದರು. ಹಿಡಿದ ಕೈಯ ನರಗಳು ಕಾಣುತ್ತಿದ್ದವು.

ಟಕ್.

ನಾಣ್ಯ ಅಂಗಳಕ್ಕೆ ಬಿದ್ದು, ಸಗಣಿ ಸಾರಿಸಿದ ನೆಲದ ಮೇಲೆ ಉರುಳಿ, ತುಳಸಿಕಟ್ಟೆಯ ಹತ್ತಿರ ನಿಂತಿತು. ಅಪ್ಪ ಅದನ್ನೇ ನೋಡಿದರು. ನಾನು ಹೋಗಿ ಹೆಕ್ಕಿಕೊಂಡು ಬಂದೆ.

"ಇನ್ನೊಂದು ಸಲ ಇಡು" ಅಂದರು.